ಹುಡುಗಿಯರ ತಟ್ಟೆ ನೋಡುತ್ತಿದ್ದ ಟೀಚರು

ಶಿಗ್ಗಾಂವದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಟೀಚರು ಮಧ್ಯಾಹ್ನ ಉಳಿದ ಶಿಕ್ಷಕರಾದ ನಮ್ಮ ಜೊತೆ ಊಟಕ್ಕೆ ಸ್ಟಾಫ್ ರೂಮಿಗೆ ಬರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರ ಸಾಲಿನಲ್ಲಿ ಓಡಾಡುತ್ತ, ಒಬ್ಬೊಬ್ಬಳ ತಟ್ಟೆಯನ್ನೂ ಬಗ್ಗಿ ನೋಡಿ, "ಹೊಟ್ಟಿ ತುಂಬ ಉಣ್ಣವಾ" ಎನ್ನುತ್ತಿದ್ದರು. ಯಾರಾದರೂ ಗೆಳತಿಯನ್ನು ಡುಮ್ಮಿ ಎಂದು ಆಡಿಕೊಂಡರೆ ಮಾತ್ರ ಅವರ ದನಿ ಏರುತ್ತಿತ್ತು.

ದುಂಡಸಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತೆಳ್ಳಗಾಗಬೇಕೆಂದು ಊಟ ಬಿಟ್ಟು, ಒಂದು ದಿನ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಳು. ಟೀಚರೇ ಎತ್ತಿ ಕೂರಿಸಿ, ನೀರು ಕುಡಿಸಿ, ಯಾಕೆ ಉಣ್ಣುವುದಿಲ್ಲ ಎಂದು ಕೇಳಿದರು. ನಾನು ಪಕ್ಕದಲ್ಲಿ ಗಾಳಿ ಬೀಸುತ್ತಿದ್ದೆ.

"ನೀವೂ ಉಣ್ಣಂಗಿಲ್ಲಲ್ರಿ ಟೀಚರ್," ಅಂದಳು ಹುಡುಗಿ. "ದಿನಾ ನಿಮ್ಮ ಡಬ್ಬಿ ನಾಯಿಗೆ ಹಾಕೋದು ನೋಡೇನ್ರಿ."

ಅವರು ಹುಡುಗಿಯರ ಜೊತೆಯಲ್ಲೇ ಉಣ್ಣುತ್ತಾರೆಂದು ವರ್ಷಗಟ್ಟಲೆ ನಂಬಿದ್ದೆವು. ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ.

"ಖರೇ ಐತಿ," ಎಂದರು ಟೀಚರು. "ನಿನ್ನಷ್ಟಾಕಿ ಇದ್ದಾಗಿಂದ ದಪ್ಪ ಆಗ್ತೇನಂತ ಅಂಜಿ ಹಿಂಗ ಮಾಡ್ತೇನಿ, ಯಾರ ಮುಂದೂ ಹೇಳಿಲ್ಲ. ನಾಳೆ ನಿಮ್ಮವ್ವನ್ನ ಕರ್ಕೊಂಡು ಬಾ, ಡಾಕ್ಟರ ಕಡೆ ಹೋಗೂಣು. ಮೊದಲ ನಾ ತೋರಿಸ್ಕೊತೇನಿ, ಆಮ್ಯಾಲೆ ನೀ."

ಮರುದಿನ ಮೂವರೂ ಹುಬ್ಬಳ್ಳಿ ಬಸ್ಸು ಹತ್ತಿದರು. ಟೀಚರ ಕೈಯನ್ನು ಹುಡುಗಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.