ಕ್ಯಾಮೆರಾ ಅರಸಿ ಹೆಬ್ಬಾಳ ಕೆರೆಯವರೆಗೆ

ಬೆಳಗ್ಗೆ ಎಂಟೂ ನಲವತ್ತಕ್ಕೆ ವಿದ್ಯಾರಣ್ಯಪುರದ ಕೊನೆಯ ನಿಲ್ದಾಣದಿಂದ ನಾವು ಹೊರಟೆವು. ನಾವು ಎಂದರೆ ನಾನು, ನನ್ನ ಪತ್ನಿ ಲಲಿತ, ಎರಡು ಬಾಟಲಿ ನೀರು, ಯಾರೂ ತಕರಾರು ತೆಗೆಯದಂತೆ ನಾನು ಸಿದ್ಧಪಡಿಸಿದ್ದ ಒಂದು ಪರೀಕ್ಷಾ ಪಟ್ಟಿ ಮತ್ತು ನನ್ನ ಅಂಗಿಯ ಜೇಬಿನಲ್ಲಿ ದಾರ ಪೋಣಿಸಿದ ಹನ್ನೊಂದು ಚೀಟಿ: ಕೆಂಪು ಹತ್ತು, ಹಸಿರು ಒಂದು. ದಾರಿಯ ಉದ್ದ, ಹೋಗಿ ಬರುವುದೂ ಸೇರಿ, ಇಪ್ಪತ್ತೈದು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಷ್ಟು ದೂರಕ್ಕೆಲ್ಲ ಪ್ರವಾಸ ಕಥನ ಬರೆಯುವುದೇ ಎಂದು ಕೆಲವರು ಕೇಳಬಹುದು. ಹೆಬ್ಬಾಳದ ಜಂಕ್ಷನ್ನನ್ನು ಬಸ್ಸಿನಲ್ಲಿ ದಾಟಿದವರು ಕೇಳುವುದಿಲ್ಲ.

ಯಾತ್ರೆಯ ಉದ್ದೇಶವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವನು. ಯಂತ್ರದಿಂದ ಇಳಿದ ಬಿಡಿಭಾಗವನ್ನು ಗೇಜು ಹಿಡಿದು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ನಮ್ಮ ವಿಭಾಗದ ಹಳಬರೆಲ್ಲ ಸಂಸಾರ ಸಮೇತ ವರ್ಷಕ್ಕೊಮ್ಮೆ ವ್ಯಾನು ಮಾಡಿಕೊಂಡು ಊರು ಸುತ್ತುತ್ತೇವೆ. ಇದುವರೆಗಿನ ಹನ್ನೊಂದು ಪ್ರವಾಸಗಳಿಗೂ ಅಧಿಕೃತ ಛಾಯಾಗ್ರಾಹಕ ನಾನೇ. ಈ ಹುದ್ದೆಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ವ್ಯಾನಿನಲ್ಲಿ ಮುಂದಿನ ಕಿಟಕಿ ಸೀಟು ಇದೆ, ಮತ್ತು "ಸ್ವಲ್ಪ ತಡೀರಿ, ಫೋಟೊ ಆಗ್ಲಿ" ಎಂದರೆ ಎಲ್ಲರೂ ನಿಲ್ಲುತ್ತಾರೆ. ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರ ಏಕೆ ಬೇಕು?

ಆದರೆ ಕಳೆದ ಪ್ರವಾಸದ ಚಿತ್ರಗಳು ಒಂದೂ ಬಿಡದೆ ಅಲುಗಿದ್ದವು. ಹತ್ತಿರದವು ಹೇಗೋ ಪರವಾಗಿಲ್ಲ, ದೂರದವನ್ನು ಜೂಮ್ ಮಾಡಿದರೆ ಗೋಪುರಕ್ಕೆ ಎರಡು ಕಳಶ, ದೇವರಿಗೆ ಎಂಟು ಕೈ. ನನ್ನ ಹಳೆಯ ಸಹೋದ್ಯೋಗಿ ನಾಗರಾಜ ಎಲ್ಲರ ಮುಂದೆ, "ಲೋ, ನೀನು ಫೋಟೊ ತೆಗೀವಾಗ ಭೂಕಂಪ ಏನಾದ್ರೂ ಆಗಿತ್ತೇನೋ?" ಎಂದು ಕೇಳಿದ. ನಾನು ಹನ್ನೆರಡು ವರ್ಷದ ಹಳೆಯ ಕ್ಯಾಮೆರಾಕ್ಕೆ ಕೆಂಪು ಚೀಟಿ ಕಟ್ಟಿ ಅಲಮಾರಿನಲ್ಲಿಟ್ಟೆ. ಬರುವ ತಿಂಗಳು ಬಾದಾಮಿ. ಚಂದ್ರನ ಮೇಲಿನ ಗುಳಿಯನ್ನೂ ತೋರಿಸುವ ಹೊಸ ಫೋನು ತನ್ನಲ್ಲಿದೆ, ಈ ಸಲದ ಫೋಟೊ ತಾನೇ ತೆಗೆಯುತ್ತೇನೆ ಎಂದು ನಾಗರಾಜ ಅರ್ಜಿ ಹಾಕಿದ್ದಾನೆ. ಭಾನುವಾರದ ಸಭೆಯಲ್ಲಿ ತೀರ್ಮಾನ. ಅಷ್ಟರೊಳಗೆ ಹೊಸ ಕ್ಯಾಮೆರಾದಲ್ಲಿ ತೆಗೆದ, ದೂರದ ವಸ್ತುವಿನ ಒಂದು ಸ್ಪಷ್ಟ ಚಿತ್ರವನ್ನು ನಾನು ಹಾಜರುಪಡಿಸಬೇಕು. ಇಲ್ಲವಾದರೆ ಕಿಟಕಿ ಸೀಟು ಅವನದು.

ಪಟ್ಟಿಯಲ್ಲಿ ನಾಲ್ಕೇ ಅಂಶ. ಕ್ಯಾಮೆರಾ ಪ್ಯಾಂಟಿನ ಜೇಬಿನಲ್ಲಿ ಹಿಡಿಯಬೇಕು. ಜೂಮು ಮೂವತ್ತು ಪಟ್ಟಿಗಿಂತ ಕಡಿಮೆ ಇರಬಾರದು. ತೂಕ ಒಂದು ತೆಂಗಿನಕಾಯಿಯನ್ನು ಮೀರಬಾರದು. ಬಿಸಿಲಿನಲ್ಲಿ ಪರದೆ ಕಾಣದಿರುವುದರಿಂದ ಕಣ್ಣಿಟ್ಟು ನೋಡುವ ಕಿಂಡಿ ಇರಲೇಬೇಕು. ಕುತ್ತಿಗೆಗೆ ನೇತುಹಾಕುವ ದೊಡ್ಡ ಕ್ಯಾಮೆರಾಗಳು ಮದುವೆಗೆ ಸರಿ, ಬಾದಾಮಿಯ ಮೆಟ್ಟಿಲಿಗಲ್ಲ. ಫೋನಿನ ಜೂಮು ಒಂದು ಹಂತ ದಾಟಿದ ಮೇಲೆ ನೋಡುವುದನ್ನು ಬಿಟ್ಟು ಊಹಿಸಲು ತೊಡಗುತ್ತದೆ. ನಮ್ಮ ವಿಭಾಗದಲ್ಲಿ ಊಹೆಗೆ ಕೆಂಪು ಚೀಟಿ.

ಲಲಿತ ಬಂದದ್ದು ಅಳತೆಗೆ. ಹನ್ನೊಂದು ಪ್ರವಾಸಗಳ ಚಿತ್ರಗಳಲ್ಲಿ ಯಾವುದೇ ಕಂಬದ, ಕಲ್ಲಾನೆಯ ಪಕ್ಕ ಒಬ್ಬ ಹೆಂಗಸು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರೆ ಅದು ಅವಳೇ. ಅವಳ ಎತ್ತರ ಐದಡಿ ಒಂದಿಂಚು. ಅದು ಗೊತ್ತಿದ್ದರೆ ಕಂಬದ ಎತ್ತರ ತಾನಾಗಿ ತಿಳಿಯುತ್ತದೆ. ಉಳಿದ ದಿನಗಳಲ್ಲಿ ಅವಳು ನಮ್ಮ ಬೀದಿಯ ಹೆಂಗಸರ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಹೊರಡುವ ಮುಂಚೆ ನನಗೆ ಲೋಟದ ಮುಕ್ಕಾಲಿಗೆ ಕಾಫಿ ಕೊಟ್ಟಳು. ಒಂದು ವರ್ಷದಿಂದ ಹೀಗೇ, ಮುಕ್ಕಾಲು. ಹಾಲಿನ ದರ ಏರಿದ್ದರ ಪರಿಣಾಮ ಎಂದು ತಿಳಿದು ಎರಡು ಬಾರಿ ಪ್ರತಿಭಟಿಸಿದ್ದೆ. ಫಲ ಸಿಕ್ಕಿರಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ನನಗೆ ಹಿರಿಯ ನಾಗರಿಕರ ರಿಯಾಯಿತಿ ಕಳೆದು ಹದಿನೆಂಟು. ಸರ್ಕಾರ ನಮ್ಮಿಬ್ಬರಲ್ಲಿ ಯಾರಿಗೆ ಹೆಚ್ಚು ಬೆಲೆ ಕೊಟ್ಟಿದೆ ಎಂಬ ಬಗ್ಗೆ ಮತ್ತಿಕೆರೆಯವರೆಗೂ ಚರ್ಚೆ ನಡೆಯಿತು. ಮೋಡವಿತ್ತು, ಸೆಖೆಯಿರಲಿಲ್ಲ. ಯಶವಂತಪುರ ತಲುಪಲು ಐವತ್ತು ನಿಮಿಷ ಹಿಡಿಯಿತು.

ಯಶವಂತಪುರದ ಅಂಗಡಿಯಲ್ಲಿ ಎದುರಿಗೆ ಕಂಡದ್ದೆಲ್ಲ ಫೋನಿನ ಕವರುಗಳು. ಕ್ಯಾಮೆರಾಗಳು ಕೆಳಗಿನ ಕಪಾಟಿನಲ್ಲಿ ಅಜ್ಞಾತವಾಸದಲ್ಲಿದ್ದವು. ಐವತ್ತರ ಆಸುಪಾಸಿನ ಮಾಲೀಕರು ಲಲಿತಳಿಗೆ ಸ್ಟೂಲು ಕೊಟ್ಟು, "ಟ್ರಾವೆಲ್ ಜೂಮಾ ಸರ್? ಇದನ್ನ ಕೇಳ್ಕೊಂಡು ಯಾರಾದ್ರೂ ಬಂದು ಬಾಳ ದಿನ ಆಯ್ತು. ಹೊಸಾದು ಎರಡೇ ಇರೋದು, ನೋಡಿ" ಎಂದು ಧೂಳು ಒರೆಸಿ ಮುಂದಿಟ್ಟರು. ಒಂದು ಮೂವತ್ತು ಪಟ್ಟು, ಇನ್ನೊಂದು ನಲವತ್ತು.

ಅಂಗಡಿಯ ಮೆಟ್ಟಿಲಿನ ಮೇಲೆ ನಿಂತು ಪರೀಕ್ಷೆ ಶುರು ಮಾಡಿದೆ. ಗುರಿ, ರಸ್ತೆಯಾಚೆ ಎರಡನೆಯ ಮಹಡಿಯಲ್ಲಿದ್ದ ಮೆಸ್ಸಿನ ಫಲಕ. "ಊಟ ಸಿದ್ಧವಿದೆ" ಎಂಬುದು ಬರಿಗಣ್ಣಿಗೇ ಕಾಣುತ್ತಿತ್ತು. ಅದರ ಕೆಳಗಿನ ಸಣ್ಣ ಅಕ್ಷರ ಓದಬೇಕು. ಮೊದಲನೆಯ ಕ್ಯಾಮೆರಾದಲ್ಲಿ ಐದು ಚಿತ್ರ ತೆಗೆದೆ. ಅಕ್ಷರಗಳು ಒಂದರ ಹೆಗಲ ಮೇಲೆ ಒಂದು ಹತ್ತಿದ್ದವು. ಎರಡನೆಯದರಲ್ಲಿ ಊಟವೇ ಎರಡಾಯಿತು.

"ಎರಡೂ ರಿಜೆಕ್ಟ್" ಎಂದೆ.

ಮಾಲೀಕರು ಮೆಲ್ಲಗೆ, "ಸರ್, ತಪ್ಪು ತಿಳ್ಕೋಬೇಡಿ, ಇಷ್ಟು ಜೂಮಲ್ಲಿ ಕೈ ಸ್ವಲ್ಪ ಸ್ಟಡಿ..." ಎಂದು ಶುರು ಮಾಡಿದರು.

"ಮೂವತ್ತೊಂದು ವರ್ಷ ಮೈಕ್ರಾನ್ ಅಳೆದ ಕೈ ಸ್ವಾಮಿ ಇದು!"

ಅವರು ನೀರಿನ ಬಾಟಲಿ ಮುಂದೆ ಮಾಡಿದರು. ಎರಡು ಕೆಂಪು ಚೀಟಿ ಹೊರತೆಗೆದೆ. ಲಲಿತ ಅವನ್ನು ನನ್ನ ಕೈಯಿಂದ ತೆಗೆದು ವಾಪಸು ಜೇಬಿಗೆ ತುರುಕಿದಳು. "ಇನ್ನೊಬ್ಬರ ಅಂಗಡಿ ಸಾಮಾನಿಗೆಲ್ಲ ಚೀಟಿ ಕಟ್ತೀರಾ? ಬನ್ನಿ ಸುಮ್ನೆ. ಪಾಪ, ಆ ಮನುಷ್ಯ ಏನೋ ಹೇಳಕ್ಕೆ ಬಂದ್ರು."

"ಮಾರೋರು ಹೇಳೇ ಹೇಳ್ತಾರೆ ಕಣೇ."

ಅವಳು ಆಗಲೇ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಳು. ಮೇಖ್ರಿ ವೃತ್ತದ ಮೇಲೆ ಹೋಗುವ ಬಸ್ಸು ಹಿಡಿದು, ಹನ್ನೆರಡೂವರೆಗೆ ಹೆಬ್ಬಾಳದಲ್ಲಿ ಇಳಿದೆವು. ಇಳಿದ ಜಾಗದಿಂದ ಎದುರಿಗೆ ಕಾಣುವ ಹೋಟೆಲಿಗೆ ತಲುಪಲು ಹದಿನೈದು ನಿಮಿಷ ಬೇಕಾಯಿತು. ದಾಟಬೇಕಾದದ್ದು ರಸ್ತೆ ಮಾತ್ರ, ಆದರೆ ಅದು ಒಂದಲ್ಲ. ನಿಂತುಕೊಂಡೇ ಬಿಸಿಬೇಳೆ ಬಾತ್ ತಿಂದೆವು. ಬಿಸಿಯಾಗಿತ್ತು, ಬೇಳೆ ಹುಡುಕಬೇಕಿತ್ತು. ಕಾಫಿ ಕೊಟ್ಟ ಮಹನೀಯ ಲೋಟದ ಅಂಚಿನವರೆಗೂ ತುಂಬಿಸಿದ್ದ. ಅದರಲ್ಲಿ ಒಂದು ಪಾಲು ನನ್ನ ಅಂಗಿಯ ಮೇಲೆ ಬಿತ್ತು. ಲೋಟವನ್ನು ಹೀಗೆ ತುಂಬಿಸುವುದು ಎಷ್ಟು ಅವೈಜ್ಞಾನಿಕ ಎಂದು ನಾನು ವಿವರಿಸುತ್ತಿದ್ದಾಗ ಲಲಿತ ಸೆರಗಿನಿಂದ ಕಲೆ ಒರೆಸುತ್ತಿದ್ದಳು.

ಕೆರೆಯ ಉದ್ಯಾನದ ಬಾಗಿಲಲ್ಲಿ ಬಸನಗೌಡ ಕಾಯುತ್ತಿದ್ದರು. ಬಾದಾಮಿ ಕಡೆಯವರು, ಇಲ್ಲೊಂದು ಕಾಲೇಜಿನಲ್ಲಿ ಉಪನ್ಯಾಸಕರು, ಮನೆ ಸಂಜಯನಗರ. ತಮ್ಮ ಕ್ಯಾಮೆರಾ ಮಾರುವುದಿದೆ ಎಂದು ಅಂತರ್ಜಾಲದಲ್ಲಿ ಹಾಕಿದ್ದರು. ಕೆರೆಯ ದಡದಲ್ಲೇ ಪರೀಕ್ಷೆ ಆಗಬೇಕೆಂಬ ನನ್ನ ಷರತ್ತಿಗೆ ಒಪ್ಪಿ ಬಂದಿದ್ದರು.

"ಚಲೋ ಕ್ಯಾಮೆರಾ, ಯಾಕೆ ಮಾರ್ತಿದೀರಿ?" ಎಂದೆ. ತಪಾಸಣೆಯ ಮೊದಲ ಪ್ರಶ್ನೆ ಅದೇ.

"ಹಕ್ಕಿ ನೋಡಾಕ ಈಗ ಪುರಸತ್ತ ಇಲ್ರಿ ಸರ. ಮನ್ಯಾಗ ಒಂದು ಮರಿಹಕ್ಕಿ ಬಂದೈತಿ, ಮೂರು ತಿಂಗಳಾತು" ಎಂದು ನಕ್ಕರು.

ಮೂವತ್ತು ಪಟ್ಟು ಜೂಮು, ಕಣ್ಣಿಡುವ ಕಿಂಡಿ, ಜೇಬಿನ ಅಳತೆ, ತೆಂಗಿನಕಾಯಿಗಿಂತ ಹಗುರ. ಒಂದು ಮೂಲೆ ಸ್ವಲ್ಪ ನೆಗ್ಗಿತ್ತು, ಅದನ್ನು ಅವರೇ ಮೊದಲು ತೋರಿಸಿದರು. ಪಟ್ಟಿಯ ನಾಲ್ಕೂ ಅಂಶ ಉತ್ತೀರ್ಣ. ಕೆರೆಯ ನಡುವಿನ ದ್ವೀಪದ ಒಣಮರದ ತುದಿಯಲ್ಲಿ ಒಂದು ಹೆಜ್ಜಾರ್ಲೆ, ಎಂದರೆ ಪೆಲಿಕನ್, ತಪಸ್ಸಿಗೆ ಕುಳಿತಿತ್ತು. ಬರಿಗಣ್ಣಿಗೆ ಅದು ಮರಕ್ಕೆ ಸಿಕ್ಕಿಕೊಂಡ ಬಿಳಿ ಪ್ಲಾಸ್ಟಿಕ್ ಚೀಲ. ಜೂಮು ಎಳೆದೆ. ಹಕ್ಕಿ ಕಿಂಡಿಯೊಳಗೆ ಬಂತು, ಹೋಯಿತು, ಮತ್ತೆ ಬಂತು. ಹತ್ತು ಸಲ ಒತ್ತಿದೆ. ಪರದೆಯಲ್ಲಿ ನೋಡಿದರೆ ಹತ್ತರಲ್ಲೂ ಹೆಜ್ಜಾರ್ಲೆಯ ಬದಲು ಅದರ ಆತ್ಮ ಮಾತ್ರ ಇತ್ತು.

"ಕ್ಷಮಿಸಿ ಗೌಡರೇ, ಇದೂ ಫೇಲು" ಎಂದು ಜೇಬಿಗೆ ಕೈ ಹಾಕಿದೆ.

ಬಸನಗೌಡರ ಮುಖ ಸಪ್ಪಗಾಯಿತು. "ಹಂಗ ಆಗಾಕ ಸಾಧ್ಯನ ಇಲ್ರಿ ಸರ. ಎರಡು ವರ್ಷ ಇದರಾಗ ಹಕ್ಕಿ ಫೋಟೊ ಹೊಡದೀನ್ರಿ ನಾ."

ಬೆಳಗಿನಿಂದ ಕೈಗೆ ಬಂದ ಮೂರೂ ಕ್ಯಾಮೆರಾಗಳು ಹೇಗೆ ಒಂದೇ ದೋಷದಿಂದ ನರಳುತ್ತಿವೆ, ಇದಕ್ಕೆ ತಯಾರಕರು ಹೇಗೆ ಉತ್ತರ ಹೇಳಬೇಕು ಎಂದು ನಾನು ವಿಸ್ತರಿಸತೊಡಗಿದೆ. ಬೆಂಚಿನ ಮೇಲೆ ಕುಳಿತಿದ್ದ ಲಲಿತ ನಡುವೆ ಬಾಯಿ ಹಾಕಿದಳು.

"ರೀ, ಮೂರು ಪೀಸು ಒಂದೇ ಥರ ಫೇಲಾದ್ರೆ ಏನ್ ಮಾಡ್ಬೇಕು?"

ಇದು ನನ್ನದೇ ಪ್ರಶ್ನೆ. ವಿಭಾಗಕ್ಕೆ ಬಂದ ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನ ಕೇಳುತ್ತಿದ್ದೆ, ಸಂಜೆ ಊಟಕ್ಕೆ ಕುಳಿತಾಗ ಮನೆಯಲ್ಲಿ ಅದನ್ನೇ ವರ್ಣಿಸುತ್ತಿದ್ದೆ. ಉತ್ತರ ಯೋಚನೆಗೂ ಮುಂಚೆ ಬಾಯಿಂದ ಹೊರಬಿತ್ತು.

"ಪೀಸು ಪಕ್ಕಕ್ಕಿಡಬೇಕು. ಗೇಜು ನೋಡಬೇಕು."

ನಾನು ಗೇಜು ನೋಡಿದೆ. ಅದು ಕ್ಯಾಮೆರಾ ಹಿಡಿದುಕೊಂಡಿತ್ತು. ಹೆಬ್ಬೆರಳಿನ ಬುಡದಲ್ಲಿ ಸಣ್ಣದೊಂದು ಅದುರು, ಬಸ್ಸು ನಿಂತಿದ್ದರೂ ಇಂಜಿನ್ ಆಫ್ ಆಗದಿದ್ದಾಗ ಕಿಟಕಿಯ ಗಾಜು ಅದುರುವ ಹಾಗೆ. ನಿಲ್ಲು ಎಂದೆ. ನಿಲ್ಲಲಿಲ್ಲ. ಈ ಕೈ ಎಂದೂ ನನ್ನ ಮಾತು ಮೀರಿದ್ದಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಕಾಫಿ ಮುಕ್ಕಾಲು ಕೊಡಕ್ಕೆ ಶುರು ಮಾಡಿದಾಗಿಂದ."

ಒಂದು ವರ್ಷ. ಎರಡು ಪ್ರತಿಭಟನೆಗಳನ್ನೂ ನಾನು ಮನಸ್ಸಿನಲ್ಲೇ ಹಿಂತೆಗೆದುಕೊಂಡೆ. ಭಾನುವಾರದ ಸಭೆ, ವ್ಯಾನು, ಕಿಟಕಿ ಸೀಟಿನಲ್ಲಿ ನಾಗರಾಜ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು, ಅದೂ ಒಂದಿಷ್ಟೂ ಅಲುಗದೆ. ಬಸನಗೌಡರು ಸಜ್ಜನರು, ಬೇರೆಡೆಗೆ ತಿರುಗಿ ಬಾತುಕೋಳಿ ನೋಡುತ್ತಿದ್ದರು.

"ಕೊಡಿ ಇಲ್ಲಿ" ಎಂದು ಲಲಿತ ಎದ್ದಳು. "ಎಲ್ಲಿ ಒತ್ತಬೇಕು ಅಷ್ಟು ಹೇಳಿ ಸಾಕು."

ಹೇಳಿದೆ. ಅವಳು ಕ್ಯಾಮೆರಾದ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಿಂಡಿಗೆ ಕಣ್ಣಿಟ್ಟು, ಉಸಿರು ಬಿಗಿಹಿಡಿದಳು. ಈ ಭಂಗಿ ನನಗೆ ಗೊತ್ತಿತ್ತು. ರೇಷ್ಮೆ ಎಳೆಗಳನ್ನು ಒಟ್ಟುಮಾಡಿ ಕುಚ್ಚಿನ ಕೊನೆಯ ಗಂಟು ಬಿಗಿಯುವಾಗ ಅವಳು ಹೀಗೆಯೇ ಕೂರುತ್ತಾಳೆ, ಆಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಇಪ್ಪತ್ತು ವರ್ಷ ದಿನವೂ ನೋಡಿದ್ದೇನೆ. ಅದೊಂದು ಯೋಗ್ಯತೆ ಎಂದು ಪಟ್ಟಿಗೆ ಸೇರಿಸಬೇಕೆನಿಸಿರಲಿಲ್ಲ. ಕ್ಲಿಕ್ ಎಂದಿತು. ಉಸಿರು ಬಿಟ್ಟಳು.

ಪರದೆಯಲ್ಲಿ ಹೆಜ್ಜಾರ್ಲೆ ನಮ್ಮನ್ನೇ ನೋಡುತ್ತಿತ್ತು. ನೆತ್ತಿಯ ಪುಕ್ಕ ಗಾಳಿಗೆ ಕೆದರಿತ್ತು. ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳನ್ನು ಎಣಿಸಬಹುದಿತ್ತು. ಎಣಿಸಿದೆ ಕೂಡ, ಎರಡು ಸಲ, ಲೆಕ್ಕ ಹೊಂದಿತು.

"ಅಮ್ಮಾರ! ಭಾರಿ ಬಂತ್ ನೋಡ್ರಿ!" ಬಸನಗೌಡರು ಕುಣಿಯುವುದೊಂದು ಬಾಕಿ. "ನಂಗೂ ಇಷ್ಟ ಚಂದ ಬಂದಿರ್ಲಿಲ್ರಿ. ನೋಡ್ರಿ ಸರ, ಕ್ಯಾಮೆರಾದ್ದ ತಪ್ಪಿಲ್ಲ."

"ಕ್ಯಾಮೆರಾ ನಿರ್ದೋಷಿ" ಎಂದು ನಾನು ಅಧಿಕೃತವಾಗಿ ಘೋಷಿಸಿದೆ. ಚೌಕಾಸಿ ಮಾಡಲಿಲ್ಲ. ಸುಳ್ಳು ಆರೋಪದಿಂದ ಬಿಡುಗಡೆಯಾದವನ ಜೊತೆ ಚೌಕಾಸಿ ಸಲ್ಲದು. ಬಸನಗೌಡರು ಚಿತ್ರವನ್ನು ನನ್ನ ಫೋನಿಗೆ ದಾಟಿಸಿಕೊಟ್ಟು, ಬಾದಾಮಿಯಲ್ಲಿ ಕೆರೆಯ ಯಾವ ದಡದಿಂದ ಗುಹೆಗಳು ಚೆನ್ನಾಗಿ ಕಾಣುತ್ತವೆ ಎಂದು ಲಲಿತಳಿಗೆ, ಗಮನಿಸಿ, ಲಲಿತಳಿಗೆ ವಿವರಿಸಿ ಹೊರಟರು. ನಾನು ಜೇಬಿನಿಂದ ಇದ್ದೊಂದು ಹಸಿರು ಚೀಟಿ ತೆಗೆದೆ. ಕ್ಯಾಮೆರಾದ ಪಟ್ಟಿಗೆ ಗಂಟು ಹಾಕಲು ಹೋಗಿ ಎರಡು ಸಲ ತಪ್ಪಿತು. ಮೂರನೆಯ ಸಲ ಅವಳೇ ಹಾಕಿಕೊಂಡಳು.

"ರೀ, ಆ ಕಂಬಿ ಹತ್ರ ಹೋಗಿ ನಿಂತ್ಕೊಳ್ಳಿ."

"ಯಾಕೆ?"

"ಅಳತೆಗೆ."

ನಿಂತೆ. ಅಷ್ಟರಲ್ಲಿ ಮೋಡ ಸರಿದು ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಹನ್ನೊಂದು ಪ್ರವಾಸಗಳಲ್ಲಿ ಆ ಹೆಂಗಸು ಏಕೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದಳು ಎಂಬುದು ಆಗ ತಿಳಿಯಿತು. "ನಗಬೇಡಿ, ಕಂಬಿ ಅಲ್ಲಾಡತ್ತೆ" ಎಂದಳು.

ಬಸ್ಸಿಗೆ ಕಾಯುವಾಗ ಹೆಜ್ಜಾರ್ಲೆಯನ್ನು ನಮ್ಮ ಗುಂಪಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ನಾಗರಾಜನ ಫೋನು. "ಲೋ, ನಿಜ ಹೇಳು. ಇದು ನೀನ್ ತೆಗೆದಿದ್ದಲ್ಲ."

"ಅಲ್ಲ ಕಣೋ. ನಮ್ಮ ಹೊಸ ಅಧಿಕೃತ ಛಾಯಾಗ್ರಾಹಕರು ತೆಗೆದಿದ್ದು."

"ಯಾರಪ್ಪಾ ಅದು?"

"ಭಾನುವಾರ ಬಾ, ಪರಿಚಯ ಮಾಡಿಸ್ತೀನಿ. ಕಿಟಕಿ ಸೀಟು ಅವರಿಗೇ ಅಂತ ಈಗ್ಲೇ ಬರ್ಕೋ."

ನಾಲ್ಕೂ ಇಪ್ಪತ್ತರ ಬಸ್ಸಿನಲ್ಲಿ ಜನ ತುಂಬಿದ್ದರು. ಲಲಿತಳಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ನನಗೆ ಹಿಂದೆ. ಬಸ್ಸು ಮೇಲ್ಸೇತುವೆ ಹತ್ತುವಾಗ ಅವಳು ಕಿಟಕಿಯಿಂದ ಕೆರೆಯ ಕಡೆ ತಿರುಗಿ ಕ್ಯಾಮೆರಾ ಎತ್ತಿದಳು. ಹಸಿರು ಚೀಟಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾ ಕಂಡಕ್ಟರು ಕೇಳಿದ್ದು ನನಗೂ ಕೇಳಿಸಿತು: "ಫೋಟೊಗ್ರಾಫರಾ ಅಮ್ಮ ನೀವು?"

ಇಂಥ ಪ್ರಶ್ನೆ ಬಂದಾಗ ಅವಳು ಹಿಂತಿರುಗಿ ನನ್ನ ಮುಖ ನೋಡುವುದು ರೂಢಿ. ನಾನು ಉತ್ತರ ಸಿದ್ಧಮಾಡಿಕೊಂಡು ಕುತ್ತಿಗೆ ಚಾಚಿದೆ.

"ಹೂಂ" ಎಂದಳು. ತಿರುಗಲಿಲ್ಲ. ಕಣ್ಣು ಕಿಂಡಿಯಲ್ಲೇ ಇತ್ತು.

ನನ್ನ ಪಕ್ಕದಲ್ಲಿದ್ದವರು ಏನೂ ಕೇಳಿರಲಿಲ್ಲ. ಆದರೂ, ನಾಲ್ಕು ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಅವರಿಗೆ ಹೇಳಿದೆ: "ನಮ್ಮ ಮನೆಯವರು."