ಕಾರ್ಡ್ ಮಷೀನಿಗೆ ನಾನು ಕಲಿಸಿದ ಮಾತು

ಗಜೇಂದ್ರಗಡದ ಒಂದು ಬಟ್ಟೆ ಅಂಗಡಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟೆ. ಬಿಲ್ ಆದ ಕೂಡಲೇ ಮೊತ್ತ ತಾನಾಗಿ ಕಾರ್ಡ್ ಮಷೀನಿಗೆ ಹೋಗಬೇಕು, ಮಷೀನ್ ಕೊಟ್ಟ ಉತ್ತರ ಕಂಪ್ಯೂಟರಿಗೆ ತಿರುಗಿ ಬರಬೇಕು. ಆ ಉತ್ತರ ಎರಡಂಕಿಯ ಒಂದು ಸಂಕೇತ. ಎರಡು ಸೊನ್ನೆ ಬಂದರೆ ಹಣ ಬಂತೆಂದು ಅರ್ಥ. ಪಿನ್ ತಪ್ಪಾದರೆ ಒಂದು, ಖಾತೆಯಲ್ಲಿ ಹಣವಿಲ್ಲದಿದ್ದರೆ ಇನ್ನೊಂದು, ಬ್ಯಾಂಕಿನ ಸಂಪರ್ಕ ಸಿಗದಿದ್ದರೆ ಮತ್ತೊಂದು, ಹೀಗೆ ಹತ್ತಾರು.

ಉತ್ತರ ಪರದೆಯ ಮೇಲೆ ಬಂದರೆ ಅಂಗಡಿಯ ಸಾಹುಕಾರರಿಗೆ ಸಾಲದು. ಸ್ಪೀಕರಿನಲ್ಲಿ ಕೂಗಿ ಹೇಳಬೇಕು ಎಂದರು. ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿದೆ. ಒಂದೊಂದು ಸಂಕೇತಕ್ಕೂ ಒಂದೊಂದು ವಾಕ್ಯ ಮಾಡಲು ಬೇಸರವಾಗಿ, ಎರಡು ಸೊನ್ನೆ ಅಲ್ಲದ್ದಕ್ಕೆಲ್ಲ ಒಂದೇ ಮಾತು ಜೋಡಿಸಿದೆ: ‘ನಿಮ್ಮ ಖಾತೆಯಲ್ಲಿ ಹಣವಿಲ್ಲ.’ ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ, ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೌಂಟರಿನ ಪಕ್ಕ ಕೂತಿದ್ದಾಗ, ರಾಜೂರಿನ ಒಬ್ಬ ಹೆಣ್ಣುಮಗಳು ಮಗಳ ಮದುವೆಯ ಜವಳಿಗೆ ಬಂದರು. ಗೋವಾದಲ್ಲಿ ವರ್ಷಗಟ್ಟಲೆ ಕಟ್ಟಡದ ಕೆಲಸ ಮಾಡಿದವರು. ಜೊತೆಗೆ ಕೊಣ್ಣೂರಿನ ಬೀಗತಿ, ಅಂದರೆ ವರನ ತಾಯಿ, ಮತ್ತು ಅವರ ಕಡೆಯ ಇಬ್ಬರು. ಸೀರೆಗಳನ್ನು ಆರಿಸಿದ್ದು ಬೀಗತಿಯೇ. ಹೆಣ್ಣಿನ ತಾಯಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಾರ್ಡ್ ತೆಗೆದುಕೊಟ್ಟು, ಪಿನ್ ಒತ್ತಿದರು. ಅಂಗಡಿಯ ತುಂಬ ನನ್ನ ದನಿ ಕೇಳಿಸಿತು: ಖಾತೆಯಲ್ಲಿ ಹಣವಿಲ್ಲ.

ಮುಂಜಾನೆಯೇ ಬ್ಯಾಂಕಿನಲ್ಲಿ ಕೇಳಿ ಬಂದಿದ್ದೇನೆ, ಇನ್ನೊಮ್ಮೆ ಹಾಕಿ ನೋಡಿ ಎಂದು ಆಕೆ ಬೇಡಿಕೊಂಡರು. ಇನ್ನೊಮ್ಮೆಯೂ ಅದೇ. ಬೀಗತಿಯ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

“ರೊಕ್ಕ ಇಲ್ದಾಕಿ ಇಷ್ಟು ಸೀರಿ ಯಾಕ ತಗಿಸಿದಿ?” ಎಂದರು ಸಾಹುಕಾರರು.

ಆಕೆ ನನ್ನ ಕಡೆ ತಿರುಗಿದರು. “ತಮ್ಮಾ, ನೀ ಮಷೀನ್ ಮಾಡಿದಾಂವ ಅಂತಲ್ಲ. ಅದರಾಗ ಏನರ ತಪ್ಪೈತೇನು ನೋಡಪಾ.”

ನನ್ನ ಪರದೆಯ ಮೇಲೆ ತೊಂಬತ್ತೊಂದು ಎಂದು ಕಾಣುತ್ತಿತ್ತು. ಬ್ಯಾಂಕಿನ ಸಂಪರ್ಕ ಸಿಕ್ಕಿಲ್ಲ ಎಂದು ಅದರ ಅರ್ಥ. ಆದರೆ ರೋಣ ಮತ್ತು ನರಗುಂದದ ತಮ್ಮ ನೆಂಟರ ಅಂಗಡಿಗಳಿಗೂ ನನ್ನ ಸಾಫ್ಟ್‌ವೇರ್ ಹಾಕಿಸುವುದಾಗಿ ಸಾಹುಕಾರರು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು.

“ಮಷೀನ್ ಸರಿ ಐತ್ರಿ ಅಕ್ಕಾರ,” ಎಂದೆ.

ಬೀಗತಿ ಹೆಗಲ ಮೇಲೆ ಹಾಕಿಕೊಂಡು ನೋಡುತ್ತಿದ್ದ ಸೀರೆಯನ್ನು ತೆಗೆದು ಕೌಂಟರಿನ ಮೇಲಿಟ್ಟು, ಮೊದಲೇ ಹೇಳಿದ್ದರೆ ನಾವೇ ರೊಕ್ಕ ತರುತ್ತಿದ್ದೆವು ಎಂದು ಹೊರಗೆ ನಡೆದರು. ಹೆಣ್ಣಿನ ತಾಯಿ ಕಾರ್ಡನ್ನು ಸೆರಗಿನಲ್ಲಿ ಒರೆಸುತ್ತ ಅವರ ಹಿಂದೆ ಹೋದರು. ಸಂಜೆಯೊಳಗೆ ನಾನು ತಪ್ಪನ್ನು ಸರಿಪಡಿಸಿದೆ. ಸಾಹುಕಾರರಿಗೆ ಏನೂ ಹೇಳಲಿಲ್ಲ. ಮುಂದಿನ ತಿಂಗಳು ರೋಣದ ಅಂಗಡಿಯ ಕೆಲಸ ಸಿಕ್ಕಿತು.

ಬಹಳ ತಿಂಗಳ ಮೇಲೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಆಕೆ ನನ್ನ ಗುರುತು ಹಿಡಿದರು. ಮದುವೆ ಆಗಿತ್ತು. ಆದರೆ ಅತ್ತೆ ದಿನಾ ಸೊಸೆಗೆ ‘ನಿಮ್ಮವ್ವ ಖಾಲಿ ಕಾರ್ಡ್ ತಂದಿದ್ಲು’ ಎಂದು ಚುಚ್ಚುತ್ತಿದ್ದಳಂತೆ. ಕೇಳಲಾಗದೆ ನಿಜ ಹೇಳಿಬಿಟ್ಟೆ.

“ಅವತ್ತ ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಫೋನ್ ನಂಬರ್ ಕೇಳಿದರು. “ಒಮ್ಮೆ ಕೊಣ್ಣೂರಿಗೆ ಬಂದು ಅವ್ರ ಮುಂದ ಇಷ್ಟು ಹೇಳಿಬಿಡು. ಬ್ಯಾರೆ ಏನೂ ಬ್ಯಾಡ ನನಗ.”

ಬರುತ್ತೇನೆ ಎಂದೆ. ನರಗುಂದದಲ್ಲಿರುವ ನನಗೆ ಕೊಣ್ಣೂರು ದೂರವೇನಲ್ಲ. ಆಕೆ ಎರಡು ಸಲ ಫೋನ್ ಮಾಡಿದರು. ಒಮ್ಮೆ ಕೆಲಸದಲ್ಲಿದ್ದೇನೆ ಎಂದೆ. ಇನ್ನೊಮ್ಮೆ ಹೊಳೆ ಬಂದು ಹಾದಿ ಬಂದ್ ಆಗಿದೆಯಂತೆ ಎಂದೆ. ಅವತ್ತು ಬಸ್ಸುಗಳು ಓಡಾಡುತ್ತಲೇ ಇದ್ದವು.

ಮೂರನೆಯ ಸಲ ಮಗಳೇ ಮಾಡಿದಳು. ಸಣ್ಣ ದನಿಯಲ್ಲಿ, ಅವ್ವ ಹೇಳಿದವರು ನೀವೇನಾ, ಯಾವಾಗ ಬರುತ್ತೀರಿ ಎಂದು ಕೇಳಿದಳು. ರಾಂಗ್ ನಂಬರ್ ಎಂದೆ.

“ತಪ್ಪಾತ್ರಿ,” ಎಂದು ಅವಳೇ ಫೋನ್ ಇಟ್ಟಳು.