ತಗಡಿನ ಮೇಲೆ ಬರೆದದ್ದು

ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಲಯಾಳ ನಾಡಿಗೆ ಸೇರಿದ ನಮ್ಮ ಗಡಿಯೂರು ಬಂದ್ಯೋಡಿನ ಕಡೆ ಇದೇನೂ ದೊಡ್ಡ ಸಂಗತಿಯಲ್ಲ. ಕನ್ನಡ ಶಾಲೆಗೆ ಹೋಗಿ ಅರ್ಧಕ್ಕೆ ಬಿಟ್ಟ ನನ್ನಂಥವರು ಎಷ್ಟೋ ಮಂದಿ ಇದ್ದಾರೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಸಲೀಸಾಗಿ ಮಲಯಾಳ ಆಡುತ್ತೇವೆ. ಅದೇ ಮಾತನ್ನು ಗೋಡೆಯ ಮೇಲೆ ಬರೆದಿಟ್ಟರೆ ಸಿಕ್ಕುಬಿದ್ದ ನೂಲಿನ ಹಾಗೆ ಕಾಣುತ್ತದೆ. ಕಾಗದವೇನಾದರೂ ಎದುರಿಗೆ ಬಂದರೆ ಕನ್ನಡಕ ತಂದಿಲ್ಲ ಅನ್ನುತ್ತೇವೆ. ಯಾರಾದರೂ ಓದಿ ಹೇಳುತ್ತಾರೆ.

ನನ್ನ ತಮ್ಮನಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಅವನು ಹುಟ್ಟಿದಾಗ ನಾನು ಐದನೇ ಕ್ಲಾಸು. ಅಮ್ಮನಿಗೆ ಬೀಡಿ ಕಟ್ಟದೆ ನಡೆಯುತ್ತಿರಲಿಲ್ಲ, ಮಗುವನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ಬೇಸರದಿಂದ ಬಿಟ್ಟೆ ಅಂದರೆ ಸುಳ್ಳಾಗುತ್ತದೆ, ಖುಷಿಯಲ್ಲೇ ಬಿಟ್ಟೆ. ಮುಂದೆ ಅವನನ್ನು ಮಂಗಳೂರಿನ ದೊಡ್ಡಮ್ಮನ ಮನೆಯಲ್ಲಿಟ್ಟು ಓದಿಸಿದರು. ಈಗ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮಲಯಾಳ ಅವನಿಗೆ ಒಂದಕ್ಷರ ಬರುವುದಿಲ್ಲ. ನಾನು ಬಂದ್ಯೋಡಿನಲ್ಲಿ ರವಿಕೆ, ನೈಟಿ ಹೊಲಿಯುವ ಅಂಗಡಿಯಲ್ಲಿ ಕೂತು, ಅಳತೆ ಕೊಡಲು ಬರುವ ಹೆಂಗಸರ ಬಾಯಿಂದ ಭಾಷೆ ಕಲಿತವಳು. ಊರಿಗೆ ಬಂದಾಗ ವಿಲ್ಲೇಜ್ ಆಫೀಸಿಗೋ ಇನ್ನೆಲ್ಲಿಗೋ ಹೋಗಬೇಕಾದರೆ ಅವನು ನನ್ನನ್ನು ಮುಂದೆ ಬಿಟ್ಟು, "ಅಕ್ಕ, ನೀನು ಮಾತಾಡು" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ನಾನು ಕಾಯುತ್ತಿದ್ದೆ. ಓದಿದವನ ಎದುರು ನಾನು ದೊಡ್ಡವಳಾಗುತ್ತಿದ್ದ ಜಾಗ ಅದೊಂದೇ.

ಅವನಿಗೆ ಬೆಟ್ಟ ಹತ್ತುವ ಹುಚ್ಚು. ನಮ್ಮ ಜಿಲ್ಲೆಯ ಮೂಡಣ ತುದಿಯಲ್ಲಿ, ಕೊಡಗಿನ ಗಡಿಗೆ ತಾಗಿದಂತೆ, ಬೆಟ್ಟದ ಮೇಲೊಂದು ಪೇಟೆ ಉಂಟು, ಅಲ್ಲಿಂದ ಹುಲ್ಲುಗುಡ್ಡ ಹತ್ತಬಹುದು, ದೈವದ ಬನ ಕಾವಿನಲ್ಲಿ ವೇಷ ಕಟ್ಟಿ ದೈವ ನುಡಿಯುವ ತೆಯ್ಯವೂ ಉಂಟು, ಎರಡೂ ನೋಡಿ ಬರುವಾ ಎಂದು ಫೋನಿನಲ್ಲಿ ಹೇಳಿದ. ಜೊತೆಗಾರರು ಯಾರೂ ಸಿಗಲಿಲ್ಲವೋ ಏನೋ, ಅಥವಾ ಭಾಷೆಗೆ ಜನ ಬೇಕಾಗಿತ್ತೋ, ನನ್ನನ್ನೇ ಕರೆದ. ಮದುವೆಯಾಗದ ಅಕ್ಕನಿಗೂ ಒಂದು ತಿರುಗಾಟ ಆಗಲಿ ಎಂದಿದ್ದರೂ ಇರಬಹುದು. ಅಂಗಡಿಗೆ ರಜೆ ಹಾಕಿ, ಅವನ ಬೈಕಿನ ಹಿಂದೆ ಕೂತೆ.

ಕಾಞಂಗಾಡು ದಾಟಿ ಮೇಲೆ ಹತ್ತಿದಂತೆ ಊರು ನಮ್ಮದಲ್ಲದ ಹಾಗೆ ಆಗುತ್ತಾ ಹೋಯಿತು. ಅಂಗಳಗಳಲ್ಲಿ ಬಟ್ಟೆಯ ಹಾಗೆ ನೇತುಹಾಕಿದ ರಬ್ಬರ್ ಶೀಟು, ಅದರ ಹುಳಿ ವಾಸನೆ. ಪೇಟೆಯೆಂದರೆ ಒಂದೇ ರಸ್ತೆ, ಜೀಪುಗಳ ಸಾಲು, ಕರಿಮೆಣಸು ಕೊಳ್ಳುವ ಅಂಗಡಿ, ಜೇನು ಮಾರುವ ಮುದುಕಿ. ಅವರ ಮಲಯಾಳ ಬೇರೆ, ಬಾಯೊಳಗೆ ಬೆಲ್ಲ ಇಟ್ಟುಕೊಂಡು ಬೇಗ ಬೇಗ ಆಡಿದಂತೆ. ನಾವು ಉಳಿದುಕೊಂಡ ಮನೆಯೊಡತಿ ನನ್ನ ಮಾತು ಕೇಳಿ, ಕರ್ನಾಟಕದವರೋ ಎಂದಳು. ಇದೇ ಜಿಲ್ಲೆಯವರು ಅಂದೆ. ನಂಬದೆ ನಕ್ಕಳು. ನಾಳೆ ಮಧ್ಯಾಹ್ನ ಕಾವಿನಲ್ಲಿ ತೆಯ್ಯ ಉಂಟು, ಬೆಳಿಗ್ಗೆ ಟಿಕೆಟು ಕೌಂಟರ್ ತೆರೆದ ಮೇಲೆ ಗುಡ್ಡ ನೋಡಿ, ಊಟದ ಹೊತ್ತಿಗೆ ಕಾವಿಗೆ ಬನ್ನಿ ಎಂದಳು.

ತಮ್ಮನಿಗೆ ಕೌಂಟರ್ ತೆರೆಯುವವರೆಗೆ ಕಾಯುವ ಮನಸ್ಸಿರಲಿಲ್ಲ. ರಬ್ಬರ್ ತೋಟದ ಹಿಂದಿನಿಂದ ಒಂದು ದಾರಿ ಉಂಟು, ಸೂರ್ಯ ಏಳುವುದು ಅಲ್ಲಿಂದ ಚಂದ ಕಾಣುತ್ತದೆ ಎಂದು ಯಾರದೋ ವೀಡಿಯೋದಲ್ಲಿ ನೋಡಿದ್ದ. ನಸುಕಿಗೇ ಹೊರಟೆವು. ತೋಟ ಮುಗಿದು ಕಾಡು ಸುರುವಾಗುವಲ್ಲಿ ಮರಕ್ಕೆ ಒಂದು ತಗಡು ಹೊಡೆದಿತ್ತು. ಕೆಂಪು ಪೈಂಟಿನಲ್ಲಿ, ಕೈಯಲ್ಲೇ ಬರೆದ ಮಲಯಾಳ ಅಕ್ಷರಗಳು, ನಾಲ್ಕೈದು ಸಾಲು. ತಮ್ಮ ತನ್ನ ಫೋನಿನ ಟಾರ್ಚು ಹಿಡಿದ.

"ಎಂತ ಬರ್ದಿದ್ದಾರೆ ಅಕ್ಕ?"

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ನೆಪ ಹೇಳುವಂತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದದ್ದು ನಿಜ. ಬಾಯಿಂದ ಬಂದದ್ದು ಬೇರೆ.

"ಪ್ಲಾಸ್ಟಿಕ್ ಬಿಸಾಡ್ಬಾರ್ದಂತೆ."

"ಅಷ್ಟಕ್ಕೆ ಇಷ್ಟುದ್ದ ಬರೀಬೇಕಾ?"

"ಇವರು ಹಾಗೆಯೇ ಮಾರಾಯ, ಎಲ್ಲ ಉದ್ದಕ್ಕೆ ಹೇಳುವುದು."

ಅವನು ನಕ್ಕ. ಆಗಷ್ಟೇ ತಿಂದ ಚಾಕಲೇಟಿನ ಸಿಪ್ಪೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ನನ್ನ ಮಾತನ್ನು ಅವನು ಅಷ್ಟು ನಂಬಿದ್ದ.

ಮೇಲೆ ಹೋದಂತೆ ಮಂಜು ದಪ್ಪವಾಯಿತು. ಮುಂದೆ ನಡೆಯುವವನ ಬೆನ್ನಿನ ಚೀಲ ಮಾತ್ರ ಕಾಣುತ್ತಿತ್ತು. ಹಕ್ಕಿಗಳ ಸದ್ದು ಕಡಿಮೆಯಾಗಿದೆ ಎಂದು ಅನಿಸಿತು, ಆದರೆ ಬೆಟ್ಟದ ಮೇಲಿನ ಹಕ್ಕಿಗಳ ಕ್ರಮ ನನಗೇನು ಗೊತ್ತು? ಆಮೇಲೆ ದಾರಿಯಲ್ಲಿ ಲದ್ದಿ ಬಿದ್ದಿತ್ತು, ಬುಟ್ಟಿ ಕವುಚಿದಷ್ಟು. ಅದರಿಂದ ಹಬೆ ಏಳುತ್ತಿತ್ತು. ಪಕ್ಕದ ಬಿದಿರು ಮುರಿದು ಬಿದ್ದಿತ್ತು, ಮುರಿದ ಜಾಗ ಇನ್ನೂ ಒದ್ದೆ.

ಹಿಂದೆ ಹೋಗುವಾ, ಇದು ಆನೆಯದ್ದು ಎಂದೆ. ಅವನು ಬಗ್ಗಿ ನೋಡಿದ. ಅವನಿಗೂ ಅನುಮಾನ ಬಂದಿತ್ತು. ಆದರೂ ಹೇಳಿದ, "ಆನೆ ಉಂಟಾದ್ರೆ ಬೋರ್ಡಲ್ಲಿ ಬರೀತಿದ್ರು ಅಲ್ವಾ?"

ಆಗ ಹೇಳಬೇಕಿತ್ತು. ಹೇಳುವುದಕ್ಕೆ ಜಾಗವೂ ಇತ್ತು, ಹೊತ್ತೂ ಇತ್ತು. ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡೆ. ಸ್ವಲ್ಪ ದೂರ ಹೋಗಿ ನೋಡುವಾ ಎಂದು ಅವನು ನಡೆದ, ನಾನು ಹಿಂದೆ ನಡೆದೆ. ಹೆಜ್ಜೆ ಹಿಂದೆ ಬೀಳುತ್ತಿದ್ದದ್ದು ಆನೆಯ ಹೆದರಿಕೆಗೋ ಆ ತಗಡಿನ ಹೆದರಿಕೆಗೋ ಈಗಲೂ ಬೇರೆ ಮಾಡಿ ಹೇಳಲಾರೆ.

ಮೊದಲು ಬಂದದ್ದು ವಾಸನೆ. ಕೊಟ್ಟಿಗೆಯ ವಾಸನೆಗೆ ಹಸಿ ಮಣ್ಣು ಬೆರೆಸಿದ ಹಾಗೆ. ಆಮೇಲೆ ಒದ್ದೆ ಬಟ್ಟೆ ಹರಿದಂಥ ಸದ್ದು, ಮತ್ತೆ ಸದ್ದೇ ಇಲ್ಲ. ತಮ್ಮ ನಿಂತ. ಅವನ ಕೈ ಹಿಂದೆ ಬಂದು ನನ್ನ ಕೈಯನ್ನು ಹುಡುಕಿ ಹಿಡಿಯಿತು. ಎದುರಿನ ಮಂಜು ಅಲುಗಿತು. ಮಂಜಲ್ಲ, ಗೋಡೆಯಂಥದ್ದು ಏನೋ ತಿರುಗುತ್ತಿತ್ತು. ಅದರ ಕಾಲುಗಳ ನಡುವೆ ಸಣ್ಣ ನಾಲ್ಕು ಕಾಲು.

"ಓಡ್ಬೇಡ ಅಕ್ಕ," ಅಂದ, ಉಸಿರಿನಲ್ಲಿ. ಬೆಟ್ಟ ತಿರುಗುವವನು, ಅವನಿಗೆ ಗೊತ್ತಿತ್ತು.

ಆನೆ ಒಮ್ಮೆ ಬುಸ್ಸೆಂದಿತು. ನಾನು ಕೈ ಕೊಸರಿಕೊಂಡು ಓಡಿದೆ. ಅವನು ಬಿಡಲಿಲ್ಲ, ನಾನೇ ಕೊಸರಿಕೊಂಡೆ. ನಾನು ಎತ್ತಿ ಆಡಿಸಿದವನ ಕೈ ಅದು. ಹಿಂದೆ ಏನೋ ಮುರಿಯಿತು, ಅವನು ಕೂಗಿದ. ನಾನು ತಿರುಗಿ ನೋಡಲಿಲ್ಲ. ಜಾರಿದೆ, ಎದ್ದೆ, ಚಪ್ಪಲಿ ಹೋಯಿತು, ಮುಳ್ಳು ತಾಗಿತು, ಓಡಿದೆ.

ತೋಟದ ಅಂಚಿನಲ್ಲಿ, ಅದೇ ತಗಡಿನ ಹತ್ತಿರ, ತಲೆಗೆ ದೀಪ ಕಟ್ಟಿಕೊಂಡು ಹಾಲಿಗಾಗಿ ರಬ್ಬರ್ ಮರ ಕೆತ್ತುತ್ತಿದ್ದ ಒಬ್ಬ ಗಂಡಸು ನನ್ನನ್ನು ಕಂಡ. ತಮ್ಮ ಮೇಲಿದ್ದಾನೆ, ಆನೆ, ಎಂದಷ್ಟೇ ಹೇಳಲಾಯಿತು. ಅವನು ಮಲಯಾಳದಲ್ಲಿ ಬಯ್ಯತೊಡಗಿದ. ಮರಿ ಹಾಕಿದ ಆನೆ ಇಲ್ಲಿ ಇಳಿದಿದೆ, ಯಾರೂ ಈ ದಾರಿಯಲ್ಲಿ ಹೋಗಬಾರದು, ಹೋದರೆ ಜೀವ ಹೋಗುತ್ತದೆ ಎಂದು ಇಷ್ಟು ದೊಡ್ಡಕ್ಕೆ ಬರೆದಿಟ್ಟಿದ್ದೇವಲ್ಲ, ಕಣ್ಣು ಕಾಣುವುದಿಲ್ಲವಾ ನಿನಗೆ ಎಂದ. ಬಯ್ಯುತ್ತಲೇ ಫೋನು ಮಾಡಿ ಜನ ಸೇರಿಸಿದ. ಪಟಾಕಿ, ತಗಡಿನ ಡಬ್ಬಿ ಹಿಡಿದುಕೊಂಡು ಅವರು ಮೇಲೆ ಹೋದರು. ನನ್ನನ್ನು ಅಲ್ಲೇ ಕೂರಿಸಿದರು.

ಬೆಳಕು ಬಂದಿತ್ತು. ಕೂತಲ್ಲಿಂದ ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು. ಯಾವ ಸಾಲಿನಲ್ಲಿ ಆನೆ, ಯಾವ ಸಾಲಿನಲ್ಲಿ ಜೀವ ಎಂದು ಹುಡುಕಿದೆ. ಗೊತ್ತಾಗಲಿಲ್ಲ. ಪಟಾಕಿ ಸಿಡಿದಾಗಲೆಲ್ಲ ನನ್ನ ಮೈ ನೆಲಬಿಟ್ಟು ಏಳುತ್ತಿತ್ತು. ಅವನು ಸತ್ತಿದ್ದರೆ ಎಂದು ಯೋಚಿಸಿದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದನ್ನೂ ಬರೆಯುತ್ತೇನೆ: ಅವನು ಸತ್ತಿದ್ದರೆ ನಾನು ಬೋರ್ಡಿನ ಬಗ್ಗೆ ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಯೋಚನೆ ನನ್ನ ತಲೆಯೊಳಗೆ ಹುಟ್ಟಬಹುದು ಎಂದು ತಿಳಿದದ್ದು ಆಗ. ಆನೆಗಿಂತ ಅದಕ್ಕೆ ಹೆಚ್ಚು ಹೆದರಿದೆ.

ಅವನನ್ನು ಇಬ್ಬರು ಹೆಗಲು ಕೊಟ್ಟು ಇಳಿಸಿಕೊಂಡು ಬಂದರು. ಬಂಡೆಗಳ ಸಂದಿಗೆ ಹಾರಿ ಅಲ್ಲೇ ಸಿಕ್ಕಿಕೊಂಡು ಕೂತಿದ್ದನಂತೆ. ಬಲಗಾಲಿನ ಗಂಟು ಊದಿತ್ತು, ಮುಖ ಬೂದಿ. ನನ್ನನ್ನು ನೋಡಿ, "ನಿಂಗೆ ಎಂತ ಆಗ್ಲಿಲ್ಲ ಅಲ್ವಾ?" ಎಂದ. ಹೆದರಿಕೆ ಇಳಿದ ಮೇಲೆ ಅವನಿಗೆ ಸಿಟ್ಟು ಏರಿತು.

"ಕೇಳು ಅಕ್ಕ ಇವರ ಹತ್ರ. ಪ್ಲಾಸ್ಟಿಕ್‌ಗೆ ಬೋರ್ಡ್ ಹಾಕ್ಲಿಕ್ಕೆ ಗೊತ್ತುಂಟು, ಆನೆಗೆ ಹಾಕ್ಲಿಕ್ಕೆ ಗೊತ್ತಿಲ್ವಾ? ಕೇಳು."

ಅವರು ನನ್ನ ಮುಖ ನೋಡಿದರು. ನಾನು ಮಲಯಾಳದಲ್ಲಿ, ನಿಮ್ಮ ಉಪಕಾರ ಮರೆಯುವುದಿಲ್ಲ ಅನ್ನುತ್ತಿದ್ದಾನೆ ಎಂದೆ. ರಬ್ಬರ್ ಕೆತ್ತುವವನು ತಲೆ ಆಡಿಸಿದ. ಉಪಕಾರ ಎಲ್ಲ ಬೇಡ, ಇನ್ನು ಮುಂದೆ ಎಲ್ಲಿಗೆ ಹೋದರೂ ಬೋರ್ಡು ಓದಿ ಹೆಜ್ಜೆ ಇಡಲು ಹೇಳು ನಿನ್ನ ತಮ್ಮನಿಗೆ ಎಂದ.

"ಎಂತ ಹೇಳಿದ್ರು?"

"ಕಾಲು ನೆಲಕ್ಕೆ ಊರ್ಬಾರ್ದಂತೆ."

ಎರಡು ಭಾಷೆಯ ನಡುವೆ ನಿಂತು ಎರಡೂ ಕಡೆಗೆ ಸುಳ್ಳು ಹೇಳಿದೆ. ಯಾರಾದರೂ ಒಬ್ಬರಿಗೆ ಇನ್ನೊಂದು ಭಾಷೆ ಒಂದು ಚೂರು ಗೊತ್ತಿದ್ದರೆ ಸಾಕಿತ್ತು. ಪೇಟೆಯ ಕ್ಲಿನಿಕ್ಕಿನಲ್ಲಿ ಕಾಲಿಗೆ ಪಟ್ಟಿ ಕಟ್ಟುವಾಗಲೂ ನನ್ನ ಕಣ್ಣು ಬಾಗಿಲ ಮೇಲೆ, ಕನ್ನಡ ಬಲ್ಲ ಯಾರಾದರೂ ಒಳಗೆ ಬರುತ್ತಾರೋ ಎಂದು.

ಮನೆಗೆ ಹೋಗುವಾ ಎಂದರೆ ತಮ್ಮ ಕೇಳಲಿಲ್ಲ. ಇಷ್ಟಾದ ಮೇಲೆ ತೆಯ್ಯಕ್ಕೆ ಕೈ ಮುಗಿಯದೆ ಹೋಗುವುದಾ ಎಂದ. ಮನೆಯೊಡತಿ ಕಾವಿನಲ್ಲಿ ಅವನಿಗೆ ಒಂದು ಕುರ್ಚಿ ಹಾಕಿಸಿದಳು. ಮಧ್ಯಾಹ್ನದ ಬಿಸಿಲು, ಚೆಂಡೆಯ ಹೊಡೆತ, ಅರಸಿನದ ವಾಸನೆ. ನಮ್ಮ ಕಡೆಯ ಕೋಲದಲ್ಲಿ ದೈವದ ಎದುರು ಸುಳ್ಳು ಹೇಳಿದವರಿಗೆ ಏನಾಗುತ್ತದೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ಕುರ್ಚಿಯ ಹಿಂದೆ ಅಡಗಿದಂತೆ ನಿಂತೆ.

ತೆಯ್ಯ ಒಬ್ಬೊಬ್ಬರ ಕೈ ಹಿಡಿದು ಮಾತಾಡುತ್ತಾ ಬಂತು. ಕೆಂಪು ಮುಖ, ಕಪ್ಪು ಕಣ್ಣು, ಹೆಜ್ಜೆಗೊಮ್ಮೆ ಕಾಲಿನ ಗಗ್ಗರದ ಸದ್ದು. ತಮ್ಮನ ಎದುರು ನಿಂತು ಅವನ ಎರಡೂ ಕೈ ಹಿಡಿದು ಮಲಯಾಳದಲ್ಲಿ ನಿಧಾನ ನುಡಿಯಿತು. ಬೆಳಗಿನ ಸುದ್ದಿ ಊರಿಗೆಲ್ಲ ಹಬ್ಬಿತ್ತು, ಅದನ್ನು ತಿಳಿದೇ ಹೇಳಿರಬಹುದು. ಆ ಹೊತ್ತಿಗೆ ನನಗೆ ಹಾಗೆ ತೋರಲಿಲ್ಲ. ನೀನು ಜೊತೆಯವರನ್ನು ನಂಬಿ ಕಾಡಿನ ಬಾಯಿಗೆ ನಡೆದೆ, ನಾನು ಕೈ ಅಡ್ಡ ಹಿಡಿದೆ, ಗುಣ ಬರಲಿ ಎಂದಿತು. ಎಂದು, ಅವನ ತಲೆಯ ಮೇಲಿಂದ ನನ್ನನ್ನು ನೋಡಿತು.

ತಮ್ಮ ನನ್ನ ಕಡೆ ಕುತ್ತಿಗೆ ತಿರುಗಿಸಿದ. "ಎಂತ ಹೇಳಿತು ಅಕ್ಕ?"

ಗುಣ ಬರಲಿ ಅಂದಿತು ಎಂದಷ್ಟೇ ಹೇಳಿದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ತೆಯ್ಯ ಇನ್ನೂ ಹೋಗಿರಲಿಲ್ಲ.

"ನೀನು ಜೊತೆಯವರನ್ನು ನಂಬಿ ಹೋದೆ ಅಂತ ಹೇಳಿತು," ಅಂದೆ. "ಆ ತಗಡಲ್ಲಿ ಆನೆದ್ದೇ ಬರ್ದಿದ್ದು. ನಂಗೆ ಓದ್ಲಿಕ್ಕೆ ಬರುದಿಲ್ಲ. ಮಲಯಾಳ ಓದ್ಲಿಕ್ಕೆ ಬರುದೇ ಇಲ್ಲ ನಂಗೆ."

ಚೆಂಡೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು. ಅವನು ಮುಂದಕ್ಕೆ ತಿರುಗಿ, ಅಂಗೈಯಲ್ಲಿ ತೆಯ್ಯ ಇಟ್ಟ ಅರಸಿನ ಪುಡಿಯನ್ನು ನೋಡುತ್ತಾ ಕೂತ. ಆಮೇಲೆ, "ಮೇಲೆ ಲದ್ದಿ ನೋಡಿದಾಗ ಆದ್ರೂ ಹೇಳ್ಬಹುದಿತ್ತು" ಎಂದ. ಬಯ್ಯಲಿಲ್ಲ. ಬಯ್ದಿದ್ದರೆ ನಾನು ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕೈ ಕೊಸರಿಕೊಂಡು ಓಡಿದ್ದರ ಬಗ್ಗೆ ಅವನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ಅದನ್ನು ಅವನು ಕೇಳುವ ದಿನಕ್ಕೆ ನನಗೆ ಈಗಲೂ ಹೆದರಿಕೆ.

ಬೈಕು ಬಿಡುವ ಸ್ಥಿತಿ ಇರಲಿಲ್ಲ, ಅದನ್ನು ಆ ಮನೆಯಲ್ಲೇ ಬಿಟ್ಟು ಬಸ್ಸಿಗೆ ಬಂದೆವು. ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು. ಕಾಞಂಗಾಡಿಗೆ ಯಾವುದು ಎಂದು ಕೇಳಲು ನಾನು ಡ್ರೈವರನ ಕಡೆಗೆ ಹೆಜ್ಜೆ ಎತ್ತಿದೆ. ತಿರುಗಿ ನೋಡಿದರೆ ತಮ್ಮ ಒಂಟಿಕಾಲಲ್ಲಿ ಕಂಬಕ್ಕೆ ಒರಗಿ, ಫೋನಿನ ಕ್ಯಾಮೆರಾವನ್ನು ಬಸ್ಸಿನ ಹಣೆಯ ಬೋರ್ಡಿಗೆ ಹಿಡಿದಿದ್ದ. ಆ ಮಲಯಾಳ ಫೋನಿನೊಳಗೆ ಕನ್ನಡವಾಗುವವರೆಗೆ ಕಾದ. ಒಂದಕ್ಕೆ ಹಿಡಿದ, ಮತ್ತೊಂದಕ್ಕೂ ಹಿಡಿದ.

"ಇದು," ಎಂದ, ನನಗಲ್ಲ, ತನಗೆ ತಾನೇ.

ಮೆಟ್ಟಿಲು ಹತ್ತಲು ಅವನಿಗೆ ನನ್ನ ಹೆಗಲು ಬೇಕಾಯಿತು. ಹಿಡಿದುಕೊಂಡ. ಭಾರವನ್ನು ಮಾತ್ರ ಪೂರ್ತಿ ನನ್ನ ಮೇಲೆ ಬಿಡಲಿಲ್ಲ.